ಮೀನಿನ ಪೆಟ್ಟಿಗೆಯಲ್ಲಿ ದುಬೈಗೆ ಹೋದ ಮಲ್ಲಿಗೆ

ಮೊನ್ನೆ ಕುಮಟಾದಿಂದ ಒಬ್ಬಳು ಹುಡುಗಿ ಭಟ್ಕಳದ ನನ್ನ ಅಂಗಡಿಗೆ ಬಂದಿದ್ದಳು. ಬಿ.ಎ. ಮುಗಿಸಿದ್ದಾಳೆ. ಬೆಂಗಳೂರಿನಲ್ಲಿ ಹೂವಿನ ಅಲಂಕಾರ ಕಲಿಸುವ ಶಾಲೆಯೊಂದು ಇದೆಯಂತೆ, ಹೂವನ್ನು ಕತ್ತರಿಸುವುದಕ್ಕೂ ಅಲ್ಲಿ ಪರೀಕ್ಷೆ ಇದೆಯಂತೆ, ಪಾಸಾದವರಿಗೆ ಸರ್ಟಿಫಿಕೇಟಂತೆ. ಸೇರುವ ಮೊದಲು ಈ ಕೆಲಸದಲ್ಲಿ ಇದ್ದವರನ್ನು ಒಂದು ಮಾತು ಕೇಳೋಣ ಎಂದು ಬಂದಿದ್ದಳು.

"ಅಕ್ಕಾ, ಫ್ಲೋರಲ್ ಡಿಸೈನರ್ ಆಗ್ಬೇಕಾದ್ರೆ ಎಂತೆಂತ ಬರಬೇಕು?"

"ಸೆಖೆ ಬರಬೇಕು," ಎಂದೆ.

ಅವಳು ನಕ್ಕಳು. ನಾನು ನಗಲಿಲ್ಲ. ಅವಳಿಗೆ ಚಹಾ ತರಿಸಿ ದುಬೈಯ ಕಥೆ ಹೇಳಿದೆ. ಚಹಾ ಆರಿಹೋಯಿತು, ಕಥೆ ಮುಗಿಯಲಿಲ್ಲ, ಅವಳ ಬಸ್ಸಿನ ಹೊತ್ತಾಯಿತು. ಹಾಗಾಗಿ ಉಳಿದದ್ದನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ. ಸರ್ಟಿಫಿಕೇಟು ಕೊಡುವ ಅಧಿಕಾರ ನನಗಿಲ್ಲ, ಬುದ್ಧಿ ಹೇಳುವ ಚಟ ಮಾತ್ರ ಇದೆ.

ನಾನು ಭಟ್ಕಳದ ಪಕ್ಕದ ಹೆಬಳೆಯವಳು, ನಾಗವೇಣಿ. ಅವ್ವನ ಪಕ್ಕದಲ್ಲಿ ಕೂತು ಬಾಳೆನಾರಿನಲ್ಲಿ ಮೊಗ್ಗು ಕಟ್ಟಿ ಬೆಳೆದವಳು. ಆಮೇಲೆ ಪೇಟೆಯಲ್ಲಿ ಒಂದು ಬಾಗಿಲಿನ ಅಂಗಡಿ ಹಾಕಿದೆ, ಮದುವೆ ಮಂಟಪಕ್ಕೆ ಹೂ ಒಪ್ಪಿಕೊಳ್ಳತೊಡಗಿದೆ. ಬೋರ್ಡಿನ ಮೇಲೆ ಮೊದಲು ‘ಹೂವಿನ ಅಂಗಡಿ’ ಎಂದಿತ್ತು. ದುಬೈಯಿಂದ ಬಂದ ಮೇಲೆ ‘ಫ್ಲೋರಲ್ ಡಿಸೈನರ್’ ಎಂದು ಬರೆಸಿದೆ. ಹೂ ಅದೇ, ಕೈ ಅದೇ. ಗಿರಾಕಿಗಳು ಮಾತ್ರ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬರತೊಡಗಿದ್ದಾರೆ.

ಜಾಲಿ

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷ ಆಗಿತ್ತು. ನಮ್ಮ ಪಕ್ಕದೂರು ಜಾಲಿಯ ಜುಬೇದಾ ಬೀಬಿ ಹೇಳಿ ಕಳಿಸಿದರು. ನಮ್ಮ ಅವ್ವನ ಕಾಲದಿಂದ ಅವರ ಮನೆಗೆ ಹೂ ಕೊಡುವವರು ನಾವು. ಅವರ ಮಗ ದುಬೈಯಲ್ಲಿ ವ್ಯಾಪಾರ ಮಾಡಿಕೊಂಡಿದ್ದ, ಮೊಮ್ಮಗಳು ಸಮೀನಾ ಅಲ್ಲೇ ಬೆಳೆದವಳು. ಹುಡುಗಿಗೆ ಮದುವೆ ನಿಶ್ಚಯವಾಗಿತ್ತು. ಮದುವೆ ಅಲ್ಲೇ, ದೊಡ್ಡ ಹೋಟೆಲಿನಲ್ಲಿ, ಭಟ್ಕಳಕ್ಕೆ ಬಂದು ಮಾಡುವಷ್ಟು ರಜೆ ಯಾರಿಗೂ ಇಲ್ಲ ಎಂದು ಮಗ ಫೋನಿನಲ್ಲಿ ಹೇಳಿದ್ದನಂತೆ.

ಬೀಬಿ ಒಪ್ಪಿದ್ದರು, ಒಂದು ಶರತ್ತಿನ ಮೇಲೆ. ಮದುಮಗಳ ತಲೆ ತುಂಬ ಭಟ್ಕಳದ ಮಲ್ಲಿಗೆ ಇರಬೇಕು, ಅದೂ ಮೊಗ್ಗಾಗಿ ಮುಡಿಸಿದ್ದು ಅವರ ಕಣ್ಣೆದುರಿಗೇ ಅರಳಬೇಕು.

ಇದನ್ನು ದೂರದವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮಲ್ಲಿ ಅರಳಿದ ಮಲ್ಲಿಗೆಯನ್ನು ಯಾರೂ ಮುಡಿಯುವುದಿಲ್ಲ. ಹಿಂದೂಗಳಿರಲಿ, ಬೀಬಿಯಂಥ ನವಾಯತ ಮುಸ್ಲಿಮರಿರಲಿ, ಈ ವಿಷಯದಲ್ಲಿ ಜಾತಿ ಬೇರೆಯಿಲ್ಲ. ಬೆಳಿಗ್ಗೆ ಕೊಯ್ದ ಮೊಗ್ಗನ್ನು ಕಟ್ಟಿ, ಮಧ್ಯಾಹ್ನದ ಮೇಲೆ ಮುಡಿಸಬೇಕು. ಸಂಜೆ ಮುಡಿದವಳ ತಲೆಯ ಮೇಲೆಯೇ ಅರಳಬೇಕು. ಮೊದಲೇ ಅರಳಿದ್ದು ಬೇರೆ ಯಾರದೋ ಸಂಜೆಯ ಎಂಜಲು. ಮದುಮಗಳ ವಿಷಯದಲ್ಲಂತೂ ಇದು ಇನ್ನೂ ಬಿಗಿ. ಹೆಂಗಸರೆಲ್ಲ ಸುತ್ತ ಕೂತು ಹಾಡು ಹೇಳುವಾಗ ತಲೆಯ ಮೇಲೆ ಒಂದೊಂದೇ ಮೊಗ್ಗು ಬಾಯಿಬಿಟ್ಟು ಘಮ್ಮೆನ್ನಬೇಕು. ಬೀಬಿಯ ಮದುವೆಯಲ್ಲಿ ಹಾಗೇ ಆಗಿತ್ತಂತೆ.

"ನನ್ನ ಕಣ್ಣು ಹೋತು ನಾಗಿ," ಎಂದರು ಬೀಬಿ. ಎರಡೂ ಕಣ್ಣಿಗೆ ಪೊರೆ ಬಂದಿತ್ತು, ಆಪರೇಶನ್ ಎಂದರೆ ಹೆದರಿಕೆ. "ಹುಡುಗಿಯ ಮುಖ ಸರೀ ಕಾಣೂದಿಲ್ಲ. ಮೂಗು ಇನ್ನೂ ಉಂಟು. ಹೂ ಅರಳಿದ್ದು ಮೂಗಿಗೆ ಬಂದ್ರೆ ಸಾಕು, ಮದುವೆ ನೋಡಿದ ಹಾಗೇ."

ಮಗನಿಗೆ ಇದು ಹಟ ಎನಿಸಿತ್ತು. ಹೋಟೆಲಿನವರದೇ ಹೂವಿನ ಮನುಷ್ಯ ಇದ್ದಾನೆ, ಹಾಲೆಂಡಿಗೆ ಹೋಗಿ ಕಲಿತುಬಂದವನು, ಅವನೇ ಎಲ್ಲ ಮಾಡುತ್ತಾನೆ ಎಂದ. ಬೀಬಿ ಜಗ್ಗಲಿಲ್ಲ. ಕೊನೆಗೆ ಅವನು ಸೋತು, ಈ ಒಂದು ಸಲ ನಿಮ್ಮ ಹೂವಿನವಳನ್ನು ಕರೆದುಕೊಂಡು ಬನ್ನಿ, ಸರಿಹೋಗದಿದ್ದರೆ ಉಳಿದ ಹುಡುಗಿಯರ ಮದುವೆಗೆ ಈ ಮಾತು ಎತ್ತಬೇಡಿ ಎಂದನಂತೆ. ಉಳಿದ ಹುಡುಗಿಯರು ಎಂದರೆ ಅವರ ಮನೆಯಲ್ಲೇ ಇಬ್ಬರು, ನೆಂಟರಲ್ಲಿ ಎಷ್ಟೋ. ಅವರನ್ನು ನೋಡಿ ಜಾಲಿ ಪೂರ್ತಿ ಹೋಟೆಲಿನ ಕಡೆಗೆ ವಾಲಿದರೆ ನಾನು ಹೆಬಳೆಗೆ ವಾಪಸು ಹೋಗಿ ಮತ್ತೆ ನಾರು ಸೀಳಬೇಕಿತ್ತು. ಇಷ್ಟೆಲ್ಲ ಭಾರವನ್ನು ಒಂದು ಮೊಗ್ಗಿನ ಮೇಲೆ ಹೇರಿ ನಾವಿಬ್ಬರೂ ಪಾಸ್‌ಪೋರ್ಟು ಮಾಡಿಸಿದೆವು.

ಹೊನ್ನಾವರ ದಾಟಿ ಕುಮಟಾ

ಬೆಳಿಗ್ಗೆ ಹೆಬಳೆಯ ತೋಟಗಳಲ್ಲಿ ಕೊಯ್ದ ಮೊಗ್ಗನ್ನು ಕೇರಿಯ ಹೆಂಗಸರೆಲ್ಲ ಸೇರಿ ಕಟ್ಟಿಕೊಟ್ಟರು. ಅದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಬಾಳೆಲೆಯ ನಡುವೆ ಇಟ್ಟು, ಐಸ್ ಹಾಕಿ, ಬಂದರಿನಿಂದ ತಂದ ಥರ್ಮೋಕೋಲ್ ಪೆಟ್ಟಿಗೆಯಲ್ಲಿ ತುಂಬಿದೆ. ಬಂದರಿನಲ್ಲಿ ಆ ಪೆಟ್ಟಿಗೆ ಮಾಡುತ್ತಿದ್ದ ಕೆಲಸ ಏನೆಂದು ಹೇಳಬೇಕಾಗಿಲ್ಲ. ಹುಣಸೆಹಣ್ಣು ಹಾಕಿ ತಿಕ್ಕಿದೆ, ಸೋಪಿನಲ್ಲಿ ತೊಳೆದೆ, ಬಿಸಿಲಿಗೆ ಇಟ್ಟೆ. ಒಳಗಿನ ವಾಸನೆ ಹೋಯಿತು. ಹೊರಗಿನದು ಬಂಗುಡೆಯ ನೆನಪನ್ನು ಗಟ್ಟಿಯಾಗಿ ಹಿಡಿದುಕೊಂಡಿತ್ತು.

ಗೋವಾಕ್ಕೆ ಬಾಡಿಗೆ ಕಾರು. ಶರಾವತಿ ಸೇತುವೆಯ ಮೇಲೆ ಬೀಬಿ ಕಿಟಕಿ ಇಳಿಸಿ ಕೂತರು. ಹೊನ್ನಾವರದಲ್ಲಿ ನಾನು ಮಾಡಿದ ಮಂಟಪಗಳನ್ನು ಅವರಿಗೆ ಬೆರಳು ತೋರಿಸಿ ವಿವರಿಸಿದೆ. ಅವರಿಗೆ ಬೆರಳೂ ಕಾಣಲಿಲ್ಲ, ಹೊನ್ನಾವರವೂ ಕಾಣಲಿಲ್ಲ, ಆದರೂ ಬಹಳ ಚಂದ ಎಂದು ಹೊಗಳಿದರು. ಗಿರಾಕಿ ಎಂದರೆ ಹೀಗಿರಬೇಕು.

ಕುಮಟಾ ಮುಟ್ಟುವಾಗ ಐಸ್ ಕರಗಿ ಪೆಟ್ಟಿಗೆ ಗುಳುಗುಳು ಎನ್ನತೊಡಗಿತು. ಮೀನು ಪೇಟೆಯ ಎದುರು ಕಾರು ನಿಲ್ಲಿಸಿ, ಇಸವಾಣ ಮೀನಿನ ಬುಟ್ಟಿ ಮುಂದೆ ಕೂತಿದ್ದ ಹೆಂಗಸಿನ ಹತ್ತಿರ ಐಸ್ ಕೇಳಿದೆ. ಯಾವ ಮೀನಿಗೆ ಎಂದು ಕೇಳಿದಳು. ಮಲ್ಲಿಗೆಗೆ ಎಂದೆ.

"ಎಂತಕ್ಕೆ? ಸತ್ತೋತಾ ಅದು?"

"ನಿನ್ನ ಇಸವಾಣ ಎಂತ, ಜೀವಂತ ಉಂಟಾ?"

ಹತ್ತಿರ ಕೂತವರೆಲ್ಲ ನಕ್ಕರು, ಅವಳೂ ನಕ್ಕಳು. ಪೆಟ್ಟಿಗೆ ತೆಗೆದು ತೋರಿಸಿದೆ. ಐಸಿನಲ್ಲಿ ಮಲ್ಲಿಗೆ ಸಾಯುವುದಿಲ್ಲ, ನಿದ್ದೆ ಮಾಡುತ್ತದೆ, ಹೊರಗೆ ತೆಗೆದ ಮೇಲೆ ತನ್ನ ಹೊತ್ತಿಗೆ ತಾನೇ ಏಳುತ್ತದೆ ಎಂದು ಅಲ್ಲಿ ನಿಂತೇ ಪಾಠ ಮಾಡಿದೆ. ಅವಳು ಎರಡು ಮೊಳ ಇಸಿದುಕೊಂಡು ಪೆಟ್ಟಿಗೆ ತುಂಬ ಐಸ್ ಹಾಕಿದಳು. ಈ ಪಾಠವನ್ನು ಓದುಗರು ನೆನಪಿಡಬೇಕು. ಹೇಳಿದವಳೇ ಮರುದಿನ ಮರೆತಳು.

ಗೋವಾ

ವಿಮಾನ ನಿಲ್ದಾಣದಲ್ಲಿ ತಪಾಸಣೆಯವನು ಪೆಟ್ಟಿಗೆಯನ್ನು ನೋಡುವ ಮೊದಲೇ ಮೂಗಿಗೆ ಕರವಸ್ತ್ರ ಹಿಡಿದ. ಮೀನು ಒಯ್ಯುವ ಹಾಗಿಲ್ಲ ಎಂದ. ಮೀನಲ್ಲ, ಹೂ ಎಂದೆ. ಅವನು ನನ್ನ ಮುಖ ನೋಡಿದ. ಅವನ ನೌಕರಿಯಲ್ಲಿ ಇಂಥ ಸುಳ್ಳನ್ನು ಯಾರೂ ಹೇಳಿರಲಿಲ್ಲ ಎಂದು ಕಾಣುತ್ತದೆ. ಮುಚ್ಚಳ ತೆಗೆಸಿದ, ಬಾಳೆಲೆ ಸರಿಸಿದ, ಆದರೂ ನಂಬದೆ ತೋಳು ಮೇಲೆ ಮಾಡಿ ತಳದವರೆಗೆ ಕೈ ಹಾಕಿ ಹುಡುಕಿದ. ಕೈ ಹೊರಗೆ ತೆಗೆದಾಗ ಬೆರಳು ಮರಗಟ್ಟಿತ್ತು, ಮೀನು ಸಿಕ್ಕಿರಲಿಲ್ಲ.

ಇಂಥ ಹೊತ್ತಿನಲ್ಲಿ ಬೇಡಿಕೊಳ್ಳಬಾರದು. ಬೇಡಿಕೊಂಡರೆ ಅವರ ಹುದ್ದೆ ಬೆಳೆಯುತ್ತದೆ. ಮನೆಯವರಿಗೆ ಮಲ್ಲಿಗೆ ಇಷ್ಟವೇ ಎಂದು ವಿಚಾರಿಸಬೇಕು. ವಿಚಾರಿಸಿದೆ. ಅವನ ಮುಖ ಸಡಿಲವಾಯಿತು. ಒಂದು ಮಾಲೆ ಅವನ ಕಾಗದದ ಲಕೋಟೆಗೆ ಇಳಿಯಿತು, ಪೆಟ್ಟಿಗೆ ವಿಮಾನದ ಹೊಟ್ಟೆಗೆ ಇಳಿಯಿತು.

ವಿಮಾನದಲ್ಲಿ ನಮ್ಮ ತಲೆಯ ಮೇಲಿನ ತೂತಿನಿಂದ ತಣ್ಣನೆ ಗಾಳಿ ಬರುತ್ತಿತ್ತು. ಬೀಬಿ ಶಾಲು ಹೊದ್ದರು, ಆಮೇಲೆ ನನ್ನ ಶಾಲನ್ನೂ ಹೊದ್ದರು, ಆಮೇಲೆ ಫ್ಯಾನ್ ಬಂದ್ ಮಾಡು ಎಂದು ಪರಿಚಾರಿಕೆಗೆ ತಮ್ಮ ನವಾಯತಿ ಮಾತಿನಲ್ಲಿ ಹೇಳಿದರು. ಅವಳು ಕಿತ್ತಳೆ ರಸ ತಂದುಕೊಟ್ಟಳು. ಮತ್ತೆ ಹೇಳಿದಾಗ ಐಸ್ ಹಾಕಿ ತಂದಳು.

ದುಬೈ, ಬೆಳಿಗ್ಗೆ

ದುಬೈಯಲ್ಲಿ ಊರು ಎರಡು ಇವೆ. ಒಂದು ಬಾಗಿಲ ಹೊರಗೆ, ಒಂದು ಬಾಗಿಲ ಒಳಗೆ. ಹೊರಗಿನದು ನಮ್ಮ ಭಟ್ಕಳದ ಏಪ್ರಿಲ್ ತಿಂಗಳನ್ನು ಮೂರು ಸಲ ಕುದಿಸಿದ ಹಾಗೆ. ಸೆಪ್ಟೆಂಬರ್ ಕಳೆಯುತ್ತ ಬಂದಿದ್ದರೂ ಉಸಿರೆಳೆದರೆ ಮೂಗಿಗೆ ಬಿಸಿ ಆವಿ. ಕಾರಿನಿಂದ ಇಳಿದ ಕೂಡಲೇ ಬೀಬಿಯ ಕನ್ನಡಕಕ್ಕೆ ಮಂಜು ಹಿಡಿಯಿತು. ಎಷ್ಟು ಒರೆಸಿದರೂ ಮತ್ತೆ ಹಿಡಿಯಿತು. ತನಗೆ ಎರಡೂ ಒಂದೇ ಎಂದು ಕೊನೆಗೆ ಅವರು ಒರೆಸುವುದನ್ನೇ ಬಿಟ್ಟರು. ಒಳಗಿನ ಊರು ಕುಮಟಾದ ಐಸ್ ಬುಟ್ಟಿ. ಜನ ಒಂದು ಬಾಗಿಲಿನಿಂದ ಇನ್ನೊಂದು ಬಾಗಿಲಿಗೆ ಓಡುತ್ತಾರೆ, ನಡುವೆ ಇರುವುದನ್ನು ಊರೆಂದು ಒಪ್ಪಿಕೊಳ್ಳುವುದಿಲ್ಲ.

ಅಲ್ಲಿನ ಹೂವಿನಂಗಡಿ ನೋಡಬೇಕೆಂದು ಸಮೀನಾಳ ಅಪ್ಪನಿಗೆ ಹೇಳಿ ಹೋದೆ. ಗಾಜಿನ ಕೋಣೆ, ಒಳಗೆ ಹೂ, ಪ್ರತಿ ಕಟ್ಟಿನ ಮೇಲೆ ಬೆಲೆಯ ಚೀಟಿ. ಜನ ಬಂದು ಚೀಟಿ ಓದಿ, ಹಣ ಕೊಟ್ಟು, ಒಂದು ಮಾತೂ ಆಡದೆ ಹೋಗುತ್ತಾರೆ. ಮೂಕರ ಸಂತೆ. ನಾನು ನಮ್ಮ ಕ್ರಮದಲ್ಲಿ ಅರ್ಧಕ್ಕೆ ಕೇಳಿದೆ. ಅಂಗಡಿಯವಳು ನನಗೆ ಹುಷಾರಿಲ್ಲವೇನೋ ಎಂದು ಕುರ್ಚಿ ಕೊಟ್ಟಳು. ಗುಲಾಬಿಯನ್ನು ಮೂಸಿ ನೋಡಿದೆ. ವಾಸನೆಯೇ ಇಲ್ಲ. ಇನ್ನೊಂದು ಮೂಸಿದೆ. ಅದಕ್ಕೂ ಇಲ್ಲ. ಅಂಗಡಿಯಲ್ಲಿ ಇದ್ದವರೆಲ್ಲ ನನ್ನನ್ನೇ ನೋಡುತ್ತಿದ್ದರು. ಆ ಊರಿನಲ್ಲಿ ಹೂವನ್ನು ಮೂಸುವುದು ಬಾಳೆಹಣ್ಣನ್ನು ಮೂಸಿ ಇಟ್ಟುಹೋದ ಹಾಗೆ, ಸಭ್ಯರು ಮಾಡುವ ಕೆಲಸವಲ್ಲ.

ಅಲ್ಲಿಂದ ಹೋಟೆಲು. ಹಾಲೆಂಡಿನಲ್ಲಿ ಕಲಿತ ಹೂವಿನ ಮನುಷ್ಯ ಗೋವಾದವನು, ಸಾವಿಯೋ ಎಂದು ಹೆಸರು. ಕೋಟು ಹಾಕಿದ ದೊಡ್ಡ ಮನುಷ್ಯನನ್ನು ನಿರೀಕ್ಷಿಸಿದ್ದೆ. ಅವನು ಪ್ಯಾಂಟು ಮಡಚಿಕೊಂಡು ಬಕೆಟ್ ಹೊರುತ್ತಿದ್ದ. ಕೈ ನೋಡಿದೆ. ಬೆರಳ ತುದಿ ಹಸಿರು, ಹೆಬ್ಬೆರಳಲ್ಲಿ ಕತ್ತರಿಯ ಗಾಯ, ಉಗುರು ಮೋಟು. ಅವನೂ ನನ್ನ ಕೈ ನೋಡಿದ. ಕೊಂಕಣಿಯಲ್ಲಿ ಮಾತು ಶುರುವಾಯಿತು, ಅಣ್ಣಾ ಅಕ್ಕಾ ಎಂದ ಹಾಗೆ ನಾನು ಅವನಿಗೆ ಬಾಬ್, ಅವನು ನನಗೆ ಬಾಯ್.

ಅವನು ಕಟ್ಟಿದ ವೇದಿಕೆ ಚಂದವಿತ್ತು, ಸುಳ್ಳು ಹೇಳಬಾರದು. ಬಿಳಿ ಲಿಲ್ಲಿ, ಎಲೆಕೋಸಿನಷ್ಟು ದೊಡ್ಡ ನೀಲಿ ಹೂಗಳು, ಛಾವಣಿಯಿಂದ ತಲೆಕೆಳಗಾಗಿ ಇಳಿಬಿಟ್ಟ ಗುಲಾಬಿ. ನೀರು ಕುಡಿದ ಹಸಿರು ಸ್ಪಂಜಿಗೆ ಕಾಂಡ ಚುಚ್ಚಿ ನಿಲ್ಲಿಸಿದ್ದ. ಎಲ್ಲಿಯೂ ನಾರಿಲ್ಲ, ದಾರವಿಲ್ಲ, ಮೊಳೆಯಿಲ್ಲ. ಹಾಲೆಂಡಿನಲ್ಲಿ ಏನು ಕಲಿಸಿದರು ಎಂದು ಕೇಳಿದೆ. ಬಣ್ಣಕ್ಕೆ ಬಣ್ಣ ಹೇಗೆ ಹೊಂದಿಸುವುದು, ಎತ್ತರಕ್ಕೆ ಅಗಲ ಎಷ್ಟು, ಬರೆದುಕೊಟ್ಟ ಚಿತ್ರದ ಹಾಗೇ ಹೇಗೆ ತರುವುದು, ಎಲ್ಲ ಕಲಿಸಿದರಂತೆ. ಬಕೆಟ್ ಹೊರುವುದನ್ನು, ಮದುಮಗಳ ಅತ್ತೆಯ ಎದುರು ಸುಮ್ಮನಿರುವುದನ್ನು ಇಲ್ಲಿಗೆ ಬಂದು ಕಲಿತನಂತೆ. ಕುಮಟಾದ ಹುಡುಗಿ ಈ ಎರಡನೆಯ ಭಾಗವನ್ನು ಗುರುತು ಹಾಕಿಕೊಳ್ಳಲಿ, ಬೆಂಗಳೂರಿನ ಶಾಲೆಯಲ್ಲಿ ಇದು ಸಿಗಲಾರದು.

ನನ್ನ ಪೆಟ್ಟಿಗೆ ತೆಗೆದು ತೋರಿಸಿದೆ. ಒಂದು ಮೊಗ್ಗನ್ನು ಬೆರಳಲ್ಲಿ ಹಿಡಿದು ತಿರುಗಿಸಿ ನೋಡಿದ.

"ಬಾಯ್, ಮದುವೆಯ ಹಾಲ್ ತಣ್ಣಗಿರ್ತದೆ. ಇದನ್ನ ಅಡುಗೆಮನೆಯ ಬಿಸಿಯಲ್ಲಿ ಇಟ್ಟು ಮೊದಲೇ ಅರಳಿಸಿ ತನ್ನಿ."

ಅರಳಿದ ಹೂವನ್ನು ಮದುಮಗಳಿಗೆ ಮುಡಿಸುವುದು ಹಾಲೆಂಡಿನ ಪದ್ಧತಿ ಇರಬಹುದು ಎಂದೆ. ಮಲ್ಲಿಗೆಗೆ ಸಂಜೆಯಾದದ್ದು ಯಾರೂ ಹೇಳಿಕೊಡಬೇಕಾಗಿಲ್ಲ, ಅದರ ಹೊತ್ತು ಅದಕ್ಕೆ ಗೊತ್ತು ಎಂದೂ ಸೇರಿಸಿದೆ. ಅವನು ಭುಜ ಕುಣಿಸಿ ಬಕೆಟ್ ಎತ್ತಿಕೊಂಡ. ಅತ್ತೆಯರ ಎದುರು ಸುಮ್ಮನಿರುವುದನ್ನು ನಿಜವಾಗಿಯೂ ಚೆನ್ನಾಗಿ ಕಲಿತಿದ್ದ.

ದುಬೈ, ಸಂಜೆ

ಮಧ್ಯಾಹ್ನದ ಮೇಲೆ ಸಮೀನಾಳ ತಲೆಗೆ ಹೂ ಮುಡಿಸಲು ಕೂತೆ. ಮೃದು ಸ್ವಭಾವದ ಹುಡುಗಿ. ನೆತ್ತಿಯಿಂದ ಸೊಂಟದವರೆಗೆ ಜಡೆ ಕಾಣದ ಹಾಗೆ ಮಾಲೆ ಸುತ್ತಿ, ತಲೆಯ ಮೇಲೆ ಬಲೆಯ ಹಾಗೆ ಹೆಣೆದೆ. ಪಿನ್ನು ಎಷ್ಟು ಚುಚ್ಚಿದರೂ ಹುಡುಗಿ ಅಯ್ಯೋ ಎನ್ನಲಿಲ್ಲ. ಅಜ್ಜಿಗೆ ಪರಿಮಳ ಬಂದರೆ ಸಾಕು ನಾಗಕ್ಕ, ನನ್ನ ತಲೆನೋವಿನ ವಿಷಯ ಬಿಡಿ ಎಂದಳು. ನನ್ನ ಕೆಲಸ ನನಗೇ ಮೆಚ್ಚುಗೆಯಾಯಿತು. ಒಂದೇ ಅಳತೆಯ ಮೊಗ್ಗು, ಸಾಲು ತಪ್ಪಿಲ್ಲ, ಬಿಗಿ ಜಾಸ್ತಿಯಿಲ್ಲ, ಸಡಿಲವಿಲ್ಲ. ಹಾಲೆಂಡಿನವರು ಬಂದು ನೋಡಲಿ ಎನ್ನಿಸಿತು.

ಮದುವೆಯಲ್ಲಿ ಗಂಡಸರದು ಒಂದು ಹಾಲ್, ಹೆಂಗಸರದು ಇನ್ನೊಂದು. ಹೆಂಗಸರ ಹಾಲಿಗೆ ಗಂಡಸರು ಬರುವ ಹಾಗಿಲ್ಲ. ಜನ ಬರುವ ಮೊದಲೇ ಸಾವಿಯೋ ತನ್ನವರನ್ನು ಕರೆದುಕೊಂಡು ಹೊರಗೆ ಹೋದ. ಊಟ ಬಡಿಸುವವರೂ ಹೆಂಗಸರು, ವಿಡಿಯೋ ತೆಗೆಯುವವಳೂ ಹೆಂಗಸು. ಹೀಗೆ ಒಳಗಿನ ಹೂವಿಗೆಲ್ಲ ನಾನೊಬ್ಬಳೇ ಯಜಮಾನಿ ಆದೆ.

ಸಮೀನಾಳನ್ನು ವೇದಿಕೆಯ ಮೇಲೆ ಕೂರಿಸಿದರು. ಹಾಡು ಶುರುವಾಯಿತು. ನಾನು ಕಂಬದ ಪಕ್ಕ ನಿಂತು ಕಾದೆ. ಹಾಡು ಮುಗಿದು ಇನ್ನೊಂದು ಶುರುವಾಯಿತು. ಹತ್ತಿರ ಹೋಗಿ ನೋಡಿದೆ. ಮೊಗ್ಗು ಮೊಗ್ಗಾಗಿಯೇ ಇತ್ತು. ಪೆಟ್ಟಿಗೆಯಿಂದ ತೆಗೆದಾಗ ಹೇಗಿತ್ತೋ ಹಾಗೇ, ಒಂದೂ ಬಾಯಿ ಬಿಟ್ಟಿರಲಿಲ್ಲ. ಹುಡುಗಿಯ ಕೈ ಮುಟ್ಟಿದೆ, ಐಸಿನ ಹಾಗೆ ತಣ್ಣಗಿತ್ತು. ಆಗ ಕುಮಟಾದ ಮೀನು ಪೇಟೆಯಲ್ಲಿ ನಾನೇ ಮಾಡಿದ ಪಾಠ ನೆನಪಾಯಿತು. ಮಲ್ಲಿಗೆಯನ್ನು ಚಿಕ್ಕ ಪೆಟ್ಟಿಗೆಯಿಂದ ತೆಗೆದು ದೊಡ್ಡ ಪೆಟ್ಟಿಗೆಯಲ್ಲಿ ಇಟ್ಟಿದ್ದೆ. ಇದಕ್ಕೆ ಛಾವಣಿಯಲ್ಲಿ ತೂಗುದೀಪ ಇತ್ತು, ಅಷ್ಟೇ ವ್ಯತ್ಯಾಸ.

ಅಷ್ಟರಲ್ಲಿ ಜುಬೇದಾ ಬೀಬಿ ಶಾಲು ಹೊದ್ದುಕೊಂಡು, ಸೊಸೆಯ ಕೈ ಹಿಡಿದು ವೇದಿಕೆ ಹತ್ತಿದರು. ಮೊಮ್ಮಗಳ ತಲೆಯ ಹತ್ತಿರ ಮುಖ ತಂದು ಉಸಿರೆಳೆದರು. ಇನ್ನೊಮ್ಮೆ ಎಳೆದರು. ಆಮೇಲೆ ಬೆರಳಿನಿಂದ ಮುಟ್ಟಿ ನೋಡಿದರು.

"ನಾಗಿ, ಇದು ಎಂತ? ಹೂವಾ, ಅಕ್ಕಿಯಾ?"

ಹತ್ತಿರ ಇದ್ದವರು ನಕ್ಕರು. ಬೀಬಿ ನಗಲಿಲ್ಲ. ಕಾಣದ ಕಣ್ಣನ್ನು ಜನರ ಕಡೆ ತಿರುಗಿಸಿ ಶಾಲನ್ನು ಇನ್ನೂ ಬಿಗಿಯಾಗಿ ಎಳೆದುಕೊಂಡರು. ಸೊಸೆ ನನ್ನನ್ನು ನೋಡಿದ ರೀತಿಯಲ್ಲಿ ಉಳಿದ ಹುಡುಗಿಯರ ಮದುವೆಯೆಲ್ಲ ಮುಗಿದುಹೋದ ಹಾಗಿತ್ತು.

ನಾನು ಅಡುಗೆಮನೆಯ ಬಾಗಿಲಿಗೆ ಹೋಗಿ ಸಾವಿಯೋನನ್ನು ಕರೆಸಿದೆ. ಎಸಿ ಕಮ್ಮಿ ಮಾಡಿಸು ಎಂದೆ. ಕಮ್ಮಿ ಮಾಡಿದರೆ ಅವನ ನೀಲಿ ಹೂವೆಲ್ಲ ಕತ್ತು ಚೆಲ್ಲುತ್ತವಂತೆ, ಲಿಲ್ಲಿ ಹಳದಿಯಾಗುತ್ತದಂತೆ. ಅವುಗಳಿಗಾಗಿಯೇ ಅವನು ಅಷ್ಟು ತಂಪು ಕೇಳಿ ಹಾಕಿಸಿದ್ದು. ಬೆಳಿಗ್ಗೆ ಹೇಳಿದ್ದೆನಲ್ಲ ಎಂದು ಅವನು ಅನ್ನಬಹುದಿತ್ತು, ಅನ್ನಲಿಲ್ಲ. ನಾನು ಅವನ ಜಾಗದಲ್ಲಿ ಇದ್ದಿದ್ದರೆ ಎರಡು ಸಲ ಅನ್ನುತ್ತಿದ್ದೆ. ಅವನ ಹೂವಿಗೆ ಚಳಿ ಬೇಕು, ನನ್ನದಕ್ಕೆ ಸೆಖೆ ಬೇಕು, ಎರಡಕ್ಕೂ ಒಂದೇ ಕೋಣೆ. ಅವನು ತಲೆ ಕೆರೆದುಕೊಂಡ. ಆಮೇಲೆ ನನ್ನನ್ನು ಪಾತ್ರೆ ತೊಳೆಯುವ ಜಾಗ ದಾಟಿಸಿ, ಒಂದು ಕಬ್ಬಿಣದ ಬಾಗಿಲು ದೂಡಿ ತೋರಿಸಿದ.

ಅದು ಹೋಟೆಲಿನ ಹಿಂಬದಿ. ಲಾರಿಯಿಂದ ತರಕಾರಿ ಇಳಿಸುವ ಅಂಗಳ. ಗೋಡೆಯುದ್ದಕ್ಕೂ ಎಸಿ ಯಂತ್ರಗಳು ಸಾಲಾಗಿ ನಿಂತು ಬಿಸಿಗಾಳಿ ಉಗುಳುತ್ತಿದ್ದವು. ಆ ಹೋಟೆಲಿನ ಒಳಗಿನ ಸೆಖೆಯನ್ನೆಲ್ಲ ತಂದು ಅಲ್ಲಿ ಚೆಲ್ಲುತ್ತಾರೆ. ಒಂದು ಮೂಲೆಯಲ್ಲಿ ಅವನು ಬೆಳಿಗ್ಗೆ ಬಿಸಾಡಿದ ಲಿಲ್ಲಿಗಳ ರಾಶಿ. ಮುಚ್ಚಿದ ಮೊಗ್ಗುಗಳನ್ನು ಎಸೆದಿದ್ದನಂತೆ. ಎಲ್ಲವೂ ತಟ್ಟೆಯ ಹಾಗೆ ಅರಳಿ ಕೂತಿದ್ದವು.

"ನನಗೆ ಬೇಡಾದ ಹೂವೆಲ್ಲ ಇಲ್ಲಿ ಅರಳ್ತದೆ ಬಾಯ್," ಎಂದ. "ನಿಮ್ಮದೂ ಅರಳೀತು."

ಹೋಟೆಲಿನ ಹಿಂಬದಿ

ಮದುಮಗಳನ್ನು ಸಿಂಗರಿಸಿ ತರಕಾರಿ ಅಂಗಳಕ್ಕೆ ತರುತ್ತೇನೆ ಎಂದರೆ ಯಾವ ತಾಯಿ ಒಪ್ಪುತ್ತಾಳೆ? ಸಮೀನಾಳ ತಾಯಿ ಸುತರಾಂ ಒಪ್ಪಲಿಲ್ಲ. ಮೇಕಪ್ಪು ಇಳಿಯುತ್ತದೆ ಎಂದಳು, ರೇಷ್ಮೆ ಹಾಳಾಗುತ್ತದೆ ಎಂದಳು, ಗಂಡಿನ ಕಡೆಯವರು ಏನೆಂದಾರು ಎಂದಳು. ಮೂರೂ ಸರಿಯೇ. ನನ್ನ ಹತ್ತಿರ ಚೌಕಾಸಿ ಮಾತ್ರ ಇತ್ತು. ಅರ್ಧ ತಾಸು ಕೊಡಿ, ಅಷ್ಟರೊಳಗೆ ಅರಳದಿದ್ದರೆ ಇನ್ನು ಜಾಲಿಯ ಯಾರ ಮನೆ ಬಾಗಿಲಿಗೂ ಹೂ ಹಿಡಿದು ಬರುವುದಿಲ್ಲ ಎಂದೆ. ಬಾಯಿತಪ್ಪಿ ಅಂದುಬಿಟ್ಟಿದ್ದೆ. ಚೌಕಾಸಿಯಲ್ಲಿ ನಮ್ಮದೇ ಗಂಟಲನ್ನು ತಕ್ಕಡಿಯಲ್ಲಿ ಇಡಬಾರದು, ಇದನ್ನೂ ಹುಡುಗಿ ಬರೆದುಕೊಳ್ಳಲಿ.

ಅಷ್ಟರಲ್ಲಿ ಮದುಮಗಳೇ ಎದ್ದು ನಿಂತಳು. "ಅಮ್ಮಾ, ನಂಗೆ ಚಳಿ ಆಗ್ತಾ ಉಂಟು," ಎಂದಳು, ಅಜ್ಜಿಯ ಕೈ ಹಿಡಿದಳು, ನಡೆದೇಬಿಟ್ಟಳು.

ಅಂಗಳದಲ್ಲಿದ್ದ ಗಂಡಾಳುಗಳನ್ನೆಲ್ಲ ಸಾವಿಯೋ ಮೊದಲೇ ಹೊರಗೆ ಕಳಿಸಿ, ಗೇಟು ಎಳೆದುಕೊಂಡು, ತಾನು ಗೋಡೆಯ ಆಚೆ ಕಾವಲು ನಿಂತಿದ್ದ. ಆದರೂ ಮೇಲಿನ ಕಿಟಕಿಗಳಿಂದ ಯಾರಾದರೂ ನೋಡಿಯಾರು ಎಂದು ಹುಡುಗಿಯ ಗೆಳತಿಯರು ತಮ್ಮ ಬುರ್ಖಾಗಳನ್ನು ಎತ್ತಿ ಹಿಡಿದು ಸುತ್ತ ಗೋಡೆ ಕಟ್ಟಿದರು. ಸಮೀನಾಳನ್ನು ಎಸಿ ಯಂತ್ರದ ಮುಂದೆ ನಿಲ್ಲಿಸಿದೆ. ಅವಳ ದುಪಟ್ಟ ಹಾರತೊಡಗಿತು. ಬೀಬಿ ಟೊಮೆಟೊ ಪೆಟ್ಟಿಗೆ ಬೋರಲು ಹಾಕಿ ಪಕ್ಕದಲ್ಲಿ ಕೂತರು, ಶಾಲು ತೆಗೆದು ಮಡಚಿ ತೊಡೆಯ ಮೇಲೆ ಇಟ್ಟುಕೊಂಡರು. ವಿಮಾನ ಹತ್ತಿದ ಮೇಲೆ ಅವರು ಶಾಲು ತೆಗೆದದ್ದು ಅದೇ ಮೊದಲು.

ಮೊದಲು ಏನೂ ಆಗಲಿಲ್ಲ. ಎಲ್ಲರ ಮುಖದಲ್ಲಿ ಬೆವರು ಇಳಿಯಿತು, ಮದುಮಗಳ ಕಾಡಿಗೆ ಇಳಿಯಿತು, ಅವಳ ತಾಯಿಯ ಸಿಟ್ಟು ಮಾತ್ರ ಏರಿತು. ಗೋಡೆಯ ಆಚೆಯಿಂದ ಸಾವಿಯೋ ಕೂಗಿ ಕೇಳಿದ.

"ಅರಳಿತಾ ಬಾಯ್?"

"ನೀನು ಸುಮ್ನಿರು ಬಾಬ್, ಹೆದರ್ತದೆ ಅದು."

ಆಮೇಲೆ ಬೀಬಿ ತಲೆ ಎತ್ತಿದರು. ನಾನು ಕಾಣುವ ಮೊದಲು ಅವರ ಮೂಗಿಗೆ ಬಂದಿತ್ತು. ಕಿವಿಯ ಹಿಂದಿನ ಸಾಲಿನಲ್ಲಿ ಒಂದು ಮೊಗ್ಗು ತುಟಿ ಬಿಟ್ಟಿತ್ತು. ಪಕ್ಕದ್ದೂ ಬಿಟ್ಟಿತು. ಒಂದು ಸಲ ಶುರುವಾದ ಮೇಲೆ ನೋಡಬೇಕಿತ್ತು, ಬೆಂಕಿ ಹಿಡಿದ ಹುಲ್ಲಿನ ಹಾಗೆ ನೆತ್ತಿಯಿಂದ ಜಡೆಯ ತುದಿಯವರೆಗೆ ಓಡಿತು. ಬಿಸಿಗಾಳಿ ಆ ಪರಿಮಳವನ್ನು ಎತ್ತಿ ಇಡೀ ಅಂಗಳಕ್ಕೆ ಚೆಲ್ಲಿತು. ಕೊಳೆತ ಎಲೆಕೋಸು, ಡೀಸೆಲ್, ಪಾತ್ರೆಯ ನೀರು ಎಲ್ಲದರ ಮೇಲೆ ಮಲ್ಲಿಗೆ.

ಬೀಬಿ ಎದ್ದು ಮೊಮ್ಮಗಳ ತಲೆಗೆ ಮುಖ ಒತ್ತಿ ಎಷ್ಟೋ ಹೊತ್ತು ಹಾಗೇ ನಿಂತರು. "ಆತು," ಎಂದರು ಕೊನೆಗೆ. "ಮದುವೆ ಆತು."

ಅವರೇ ಹಾಡು ಎತ್ತಿಕೊಂಡರು, ಅವರ ಮದುವೆಯಲ್ಲಿ ಹೇಳಿದ್ದಂತೆ. ಒಳಗಿದ್ದವರಿಗೆ ಅದು ಕೇಳಿತೋ, ಚಳಿ ತಡೆಯಲಾಗಲಿಲ್ಲವೋ, ಹೆಂಗಸರು ಒಬ್ಬೊಬ್ಬರಾಗಿ ಕಬ್ಬಿಣದ ಬಾಗಿಲು ದಾಟಿ ಬರತೊಡಗಿದರು. ಮದುಮಗಳಿಗೆ ಮುಡಿಸಿ ಉಳಿದದ್ದನ್ನು ನಾನು ಅವರಿಗೆ ಹಂಚಿದ್ದೆ, ಅವರ ತಲೆಯ ಮೇಲಿನ ಆ ಮಾಲೆಯೂ ಅರಳಿತು. ಭಟ್ಕಳದಲ್ಲಿ ಇದ್ದಾಗ ಸೆಖೆ ಸೆಖೆ ಎಂದು ಬೈದವರೆಲ್ಲ ಆ ಅಂಗಳದಲ್ಲಿ ಬೆವರು ಒರೆಸಿಕೊಂಡು ನಿಂತಿದ್ದರು, ಒಬ್ಬರಿಗೂ ಒಳಗೆ ಹೋಗುವ ಮನಸ್ಸಿಲ್ಲ. ಒಳಗೆ ಸಾವಿಯೋನ ವೇದಿಕೆ ಖಾಲಿ ಕುರ್ಚಿಗಳ ಮುಂದೆ ಬಹಳ ತಾಜಾ ಆಗಿ ನಿಂತಿತ್ತು.

ಗಂಡಿನ ಕಡೆಯವರಿಗೆ ಹೇಳಿ ಕಳಿಸಿ ಕಾರನ್ನೂ ಹಿಂದಿನ ಗೇಟಿಗೇ ತರಿಸಿದರು. ಹುಡುಗಿಯನ್ನು ಅಲ್ಲಿಂದಲೇ ಕಳಿಸಿಕೊಟ್ಟರು. ಅಷ್ಟರವರೆಗೆ ವಿಡಿಯೋದವಳು ಅಂಗಳದ ತುಂಬ ಓಡಾಡಿ ಎಲ್ಲವನ್ನೂ ತೆಗೆಯುತ್ತಿದ್ದಳು.

ಮತ್ತೆ ಜಾಲಿ

ಊರಿಗೆ ಬಂದ ಮೇಲೆ ಮದುವೆಯ ಕ್ಯಾಸೆಟ್ಟು ಬಂತು. ಜಾಲಿಯ ಮನೆಯಲ್ಲಿ ನೋಡಲು ನೆರೆಮನೆಯ ಹೆಂಗಸರೆಲ್ಲ ಸೇರಿದರು. ನನ್ನನ್ನೂ ಕರೆದರು. ಮುಂದಿನ ಸಾಲಿನಲ್ಲಿ ಬೀಬಿ, ಟೀವಿಯಿಂದ ಒಂದು ಮೊಳ ದೂರ.

ಮೊದಲು ವೇದಿಕೆ ಬಂತು. ಲಿಲ್ಲಿ, ಗುಲಾಬಿ, ನೀಲಿ ಹೂ ಎಲ್ಲ ಥಳಥಳ. ನಡುವೆ ಸಮೀನಾ, ತಲೆಯ ತುಂಬ ಮುಚ್ಚಿದ ಮೊಗ್ಗು. ಹಿಂದಿನಿಂದ ಒಬ್ಬಳು, ನಾಗಿಯ ಹೂ ಅರಳಲೇ ಇಲ್ಲವಲ್ಲ ಎಂದು ಪಿಸುಗುಟ್ಟಿದಳು. ಇನ್ನೊಬ್ಬಳು ಹೋಟೆಲಿನವರದ್ದು ಎಷ್ಟು ಚಂದ ಉಂಟು ನೋಡಿ ಎಂದಳು. ನಾನು ತಾಳಿಕೊಂಡೆ. ಅಂಗಳ ಬರಲಿ, ಆಮೇಲೆ ಇವರ ಬಾಯಿ ನೋಡುತ್ತೇನೆ ಎಂದುಕೊಂಡೆ.

ಕಬ್ಬಿಣದ ಬಾಗಿಲು ಬಂತು. ಬಾಗಿಲು ತೆರೆಯಿತು. ಅಷ್ಟೇ, ಟೀವಿ ಪೂರ್ತಿ ಬಿಳಿ ಆಯಿತು.

ಏನಾಯಿತೆಂದು ನನಗೆ ಕೂಡಲೇ ಗೊತ್ತಾಯಿತು. ಕಾರಿನಿಂದ ಇಳಿದಾಗ ಬೀಬಿಯ ಕನ್ನಡಕಕ್ಕೆ ಆದದ್ದೇ ಕ್ಯಾಮೆರಾಕ್ಕೂ ಆಗಿತ್ತು. ಐಸಿನಂಥ ಮದುವೆ ಹಾಲ್‌ನಿಂದ ಆ ಸೆಖೆಗೆ ಬಂದು ಅದರ ಕಣ್ಣು ಮಂಜಾಗಿತ್ತು, ವಿಡಿಯೋದವಳಿಗೆ ಬೆವರಿನ ಗಡಿಬಿಡಿಯಲ್ಲಿ ಅದು ತಿಳಿದಿರಲಿಲ್ಲ. ಬಿಳಿ ಮಂಜಿನ ಒಳಗಿಂದ ಹಾಡು ಕೇಳುತ್ತಿತ್ತು, ನಗು ಕೇಳುತ್ತಿತ್ತು, ದೂರದಲ್ಲಿ ಸಾವಿಯೋ ಅರಳಿತಾ ಎಂದು ಕೇಳುವುದು ಕೇಳಿತು. ಕಾಣುವುದಕ್ಕೆ ಮಾತ್ರ ಏನೂ ಇರಲಿಲ್ಲ. ನನ್ನ ಜೀವಮಾನದ ಕೆಲಸ ಅದರೊಳಗೆ ಎಲ್ಲೋ ಇತ್ತು.

ಕ್ಯಾಸೆಟ್ಟು ಹಾಳಾಗಿದೆ ಎಂದು ಯಾರೋ ಬಂದ್ ಮಾಡಲು ಎದ್ದರು. ಬೀಬಿ ಕೈ ಅಡ್ಡ ಹಿಡಿದರು. ಟೀವಿಗೆ ಇನ್ನೂ ಹತ್ತಿರ ಬಗ್ಗಿ, ಆ ಬಿಳಿಯನ್ನು ಮನಸಾರೆ ನೋಡಿದರು.

"ಎಂತ ಹಾಳು? ಅದೇ ಮಲ್ಲಿಗೆ," ಎಂದರು. "ನಾಗಿ ಮುಡಿಸಿದ್ದು. ನೋಡಿ, ಬೇರೆ ಎಂತದೂ ಕಾಣೂದಿಲ್ಲ, ಅಷ್ಟು ಹೂ."

ಅವರ ಪೊರೆಗಣ್ಣಿಗೆ ಹಾಗೇ ಕಂಡಿತೋ, ಎಲ್ಲ ತಿಳಿದೂ ಹೇಳಿದರೋ, ನಾನು ಇವತ್ತಿನವರೆಗೂ ಕೇಳಿಲ್ಲ. ಗಿರಾಕಿ ಮೆಚ್ಚಿದ ಮೇಲೆ ಕಾರಣ ಕೇಳುವುದು ನಮ್ಮ ವ್ಯಾಪಾರದಲ್ಲಿ ಇಲ್ಲ. ಆ ಮನೆಯಲ್ಲಿ ಬೀಬಿಯ ಮಾತಿಗೆ ಎದುರಾಡುವವರೂ ಇಲ್ಲ. ಹೆಂಗಸರೆಲ್ಲ ಕುತ್ತಿಗೆ ಉದ್ದ ಮಾಡಿ, ಆ ಬಿಳಿಯನ್ನು ಹೊಸದಾಗಿ ನೋಡತೊಡಗಿದರು. ಹೌದಲ್ಲ ಎಂದಳು ಒಬ್ಬಳು.

ಹೊರಡುವಾಗ, ನನ್ನ ಹೂ ಅರಳಲಿಲ್ಲ ಎಂದು ಪಿಸುಗುಟ್ಟಿದ್ದವಳೇ ಚಪ್ಪಲಿ ಮೆಟ್ಟಿಕೊಂಡು ಹಿಂದೆ ಓಡಿಬಂದಳು. ಅವಳ ಮಗಳಿಗೂ ಗಂಡು ಗೊತ್ತಾಗಿತ್ತು.

"ನಾಗಕ್ಕಾ, ನಮ್ಗೂ ಅಷ್ಟೇ ಹೂ ಬೇಕು. ಒಂದು ಮೊಳ ಕಮ್ಮಿ ಆಗ್ಬಾರ್ದು."

"ಆತು," ಎಂದೆ.